ನಾದಿನಿಯೂ ಅವಳ ಹೈಡ್ರೋಜನ್ನೂ

ನನ್ನ ನಾದಿನಿ ಎಪ್ಪತ್ತನೇ ವಯಸ್ಸಿನಲ್ಲಿ ಲವ್‌ನಲ್ಲಿ ಬಿದ್ದಿದ್ದಾಳೆ ಅಂದರೆ ನಂಬುತ್ತೀರಾ? ಹುಡುಗ ಕಣ್ಣಿಗೆ ಕಾಣೋದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ಕೈಬಿಟ್ಟರೆ ನೇರ ಆಕಾಶಕ್ಕೆ! ಹೆಸರು ಹೈಡ್ರೋಜನ್.

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವಳು. ನನ್ನ ಯಜಮಾನರು ಹೋದಮೇಲೆ ಆರ್.ಟಿ. ನಗರದ ನನ್ನ ಫ್ಲ್ಯಾಟಿಗೆ ಎರಡು ಸೂಟ್‌ಕೇಸ್ ಹೊತ್ತು ಬಂದಳು. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಗಾಜಿನ ಕೊಳವೆ. ಸೀರೆಯದೇ ಚಿಕ್ಕದು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಎಂಬ್ರಾಯ್ಡರಿ ಕಲಿಸಿದರು, ಟೇಬಲ್ ಮ್ಯಾನರ್ಸ್ ಕಲಿಸಿದರು. ಇಂಥ ಗೆಸ್ಟ್ ಬಂದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ!

ಬಂದ ವಾರವೇ ಕರೆಂಟ್ ಹೋಯಿತು. ನಮ್ಮ ಬಿಲ್ಡಿಂಗಿನ ಡೀಸೆಲ್ ಜನರೇಟರ್ ಇದ್ದದ್ದು ಸರಿಯಾಗಿ ನನ್ನ ಬೆಡ್‌ರೂಮ್ ಕಿಟಕಿಯ ಕೆಳಗೆ. ಅದು ಗುಡುಗಿದರೆ ಹೊಗೆಯೆಲ್ಲ ಒಳಗೆ, ನನಗೆ ವೀಸಿಂಗ್. ಇನ್‌ಹೇಲರ್ ಹಿಡಿದು ಏದುಸಿರು ಬಿಡುತ್ತಿದ್ದ ನನ್ನನ್ನು ಅವಳು ನೋಡಿದಳು. ಮರುದಿನ ಟೆರೇಸಿಗೆ ಸೋಲಾರ್ ಪ್ಯಾನೆಲ್ ಬಂತು.

ಬಿಸಿಲು ಬಿದ್ದರೆ ಸಾಕು, ಪ್ಯಾನೆಲ್ಲಿನ ತಂತಿ ಮುಳುಗಿಸಿದ ಜಾಡಿಯ ನೀರಲ್ಲಿ ಹೈಡ್ರೋಜನ್ ಗುಳ್ಳೆ ಏಳೋದು. ಅದನ್ನು ಸಣ್ಣ ಕೊಳವೆಯಲ್ಲಿ ಹಿಡಿದು ಕಡ್ಡಿ ಗೀರಿ ತೋರಿಸಿದಳು. ಟಪ್! ಬಟ್ಟೆ ಒಣಹಾಕುತ್ತಿದ್ದ ನಾವೆಲ್ಲ ಖಾಲಾ ಅಂತ ಕರೆಯುವ ಪಕ್ಕದ ಮನೆ ಆಂಟಿ ಬಕೆಟ್ಟು ಬಿಟ್ಟು ಓಡಿದರು. ಕೊಳವೆಯೊಳಗೆ ಮಂಜು ಹಿಡಿದಿತ್ತು.

"ಇದೇ ಅದರ ಹೊಗೆ. ಮುಟ್ಟಿ ನೋಡಿ ಅತ್ತಿಗೆ."

ಮುಟ್ಟಿದೆ. ನೀರು! ಇಷ್ಟೆಲ್ಲ ಮಾಡಿ ಅರ್ಧ ಹನಿನಾ ಅಂದೆ. ನಮ್ಮ ನಲ್ಲಿಗಿಂತ ವಾಸಿ ಅಂದಳು. ಆ ಬೇಸಿಗೆಯಲ್ಲಿ ಅದು ನಿಜವೂ ಆಗಿತ್ತು.

ಗೋತ್ರ, ಜಾತಕ ಕೇಳಿಕೊಂಡು ಬಂದ ಗಂಡುಗಳನ್ನೆಲ್ಲ ಒಂದು ಕಾಲದಲ್ಲಿ ಬಾಗಿಲಿನಿಂದಲೇ ಕಳಿಸಿದವಳು, ಈಗ ಹೈಡ್ರೋಜನ್ನಿನ ಹುಟ್ಟು ವಿಚಾರಿಸುತ್ತಾಳೆ! ಬಿಸಿಲಿನ ಕರೆಂಟಿನಿಂದ ಹುಟ್ಟಿದ್ದರೆ ಹಸಿರು, ಮನೆಗೆ ಸೇರಿಸಬಹುದು. ಕಲ್ಲಿದ್ದಲಿನಿಂದ ಹುಟ್ಟಿದ್ದರೆ ತನ್ನ ಹೊಗೆಯನ್ನು ಬೇರೆ ಊರಲ್ಲಿ ಬಿಟ್ಟು ಬಂದ ಕಳ್ಳ.

ಆಮೇಲೆ ಅಸೋಸಿಯೇಷನ್ ಮೀಟಿಂಗು. ಡೀಸೆಲ್ ತೆಗೀರಿ, ಹೈಡ್ರೋಜನ್ ತನ್ನಿ ಅಂತ ಎದ್ದು ನಿಂತಳು. ಸೆಕ್ರೆಟರಿ ಹೆದರಿಕೊಂಡೇ ಕೇಳಿದರು, "ಮೇಡಂ, ಅದು ಸಿಡಿಯೋಲ್ವಾ?"

"ನಿಮ್ಮ ಅಡುಗೆಮನೇಲಿರೋ ಸಿಲಿಂಡರ್ ಏನ್ರೀ, ಹಲಸಿನಹಣ್ಣಾ?"

ಎಲ್ಲರ ಕಾಫಿ ಆರುವ ತನಕ ಲೆಕ್ಚರ್. ಮುಂದಿನ ಮೀಟಿಂಗಿನಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಕೊನೆಗೆ ಸುಸ್ತಾದ ಜನ, ಹೈಡ್ರೋಜನ್ ಒಂದು ಬಿಟ್ಟು ಬೇರೆ ಏನಾದರೂ ಕೇಳಿ ಮೇಡಂ ಅಂದರಂತೆ. ಹಾಗಾದರೆ ಜನರೇಟರನ್ನು ಗೇಟಿನ ಆಚೆ ಮೂಲೆಗೆ ಸಾಗಿಸಿ, ಎತ್ತರದ ಪೈಪು ಹಾಕಿಸಿ ಅಂದಳಂತೆ. ಮಾತು ಮುಗಿಯುವ ಮೊದಲೇ ಎಲ್ಲರೂ ಕೈ ಎತ್ತಿದರಂತೆ.

ಮೊನ್ನೆ ಸಂಜೆ ಮತ್ತೆ ಕರೆಂಟ್ ಹೋಯಿತು. ಜನರೇಟರ್ ಎಲ್ಲೋ ದೂರದಲ್ಲಿ ಗೊಣಗಿತು. ಅಭ್ಯಾಸಬಲ, ಕೈ ಇನ್‌ಹೇಲರಿಗೆ ಹೋಯಿತು. ಕಾದೆ. ಹೊಗೆ ಬರಲಿಲ್ಲ. ಅವಳು ನೆಲದ ಮೇಲೆ ಕೂತು ಯಾವುದೋ ತಂತಿ ತಿರುಚುತ್ತಿದ್ದಳು.

"ಕೊನೆಗೆ ಡೀಸೆಲ್ಲೇ ಗೆದ್ದಿತಲ್ಲೇ," ಅಂತ ರೇಗಿಸಿದೆ.

ತಲೆ ಎತ್ತಲಿಲ್ಲ. "ಹೈಡ್ರೋಜನ್ ಇವತ್ತಲ್ಲ ನಾಳೆ ಬರುತ್ತೆ. ಅಲ್ಲೀವರೆಗೆ ನೀವು ಇರ್ಬೇಕಲ್ಲ ಅತ್ತಿಗೆ."

ಥ್ಯಾಂಕ್ಯೂ ಅನ್ನೋದನ್ನು ಸಿಸ್ಟರ್‌ಗಳು ನನಗೆ ಚೆನ್ನಾಗಿಯೇ ಕಲಿಸಿದ್ದರು. ಅದರ ಬದಲು ಇನ್‌ಹೇಲರನ್ನು ಕೆಳಗಿಟ್ಟೆ. ಒಮ್ಮೆ ಉಸಿರು ಎಳೆದುಕೊಂಡೆ. ಪೂರ್ತಿ ಒಳಗೆ ಹೋಯಿತು.