ಇವರು ತಂದ ಗ್ರೇಟೆಸ್ಟ್ ಹಿಟ್ಸ್

ಉಡುಗೊರೆ ಕೊಡುವುದು ಸುಲಭ, ತೆಗೆದುಕೊಳ್ಳುವುದು ಕಷ್ಟ. ಕೊಡುವವರು ಕೊಟ್ಟು ಕೈ ತೊಳೆದುಕೊಂಡರೆ ಮುಗಿಯಿತು. ತೆಗೆದುಕೊಳ್ಳುವವರು ಆ ಕ್ಷಣವೇ ಮುಖ ಅರಳಿಸಬೇಕು, "ಅಯ್ಯೋ, ಇದೆಲ್ಲ ಯಾಕೆ?" ಎನ್ನಬೇಕು, ಆಮೇಲೆ ವರ್ಷಗಟ್ಟಲೆ ಅದನ್ನು ಬಂದವರಿಗೆಲ್ಲ ಕಾಣುವ ಹಾಗೆ ಷೋಕೇಸಿನಲ್ಲಿ ಇಡಬೇಕು. ನನಗೆ ಈ ಮುಖ ಅರಳಿಸುವ ವಿದ್ಯೆ ಬರುವುದಿಲ್ಲ. ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಗಣಿತ ಕಲಿಸುತ್ತಿರುವ ಹೆಂಗಸು ನಾನು. ತಪ್ಪು ಕಂಡರೆ ಕೈ ತಾನಾಗಿಯೇ ಕೆಂಪು ಪೆನ್ನು ಹುಡುಕುತ್ತದೆ. ಹೋಟೆಲಿನ ಗೋಡೆಯ ಮೇಲೆ ಗೋಳಿಬಜೆಯನ್ನು ‘ಗೋಲಿಬಜೆ’ ಎಂದು ಬರೆದಿದ್ದರೆ, ಅದು ಎಷ್ಟೇ ಬಿಸಿಯಾಗಿರಲಿ, ನನಗೆ ರುಚಿಸುವುದಿಲ್ಲ. ಇಂಥವಳಿಗೆ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಗಂಡ ಉಡುಗೊರೆ ತಂದರೆ ಏನಾಗಬಹುದು? ಅದೇ ಆಯಿತು.

ಮೊದಲು ನನ್ನ ಒಂದು ಗುಟ್ಟನ್ನು ಹೇಳಿಬಿಡಬೇಕು. ನನಗೆ ರಾಕ್ ಸಂಗೀತದ ಹುಚ್ಚು. ಗಿಟಾರು ಅರಚಬೇಕು, ಡ್ರಮ್ಮು ಗುಡುಗಬೇಕು, ಹಾಡುವವನ ಕತ್ತಿನ ನರ ಉಬ್ಬಿದ್ದು ಕೇಳುವವರಿಗೂ ಗೊತ್ತಾಗಬೇಕು. ಸ್ಟಾಫ್ ರೂಮಿನಲ್ಲಿ ಯಾರಿಗೂ ಇದು ತಿಳಿಯದು. ಕಾಟನ್ ಸೀರೆ, ದಪ್ಪ ಕನ್ನಡಕ ನೋಡಿ ಅವರು ನಾನು ಭಾವಗೀತೆ ಕೇಳುವವಳೆಂದು ತೀರ್ಮಾನಿಸಿದ್ದಾರೆ. ನನ್ನ ತವರು ಎರ್ಮಾಳು. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಮ್ಮ ಮೀನು ಮಾರುತ್ತಿದ್ದರು. ಸೋದರಮಾವನಿಗೆ ಸರಕು ಹಡಗಿನಲ್ಲಿ ಕೆಲಸ. ರಜೆಗೆ ಬಂದಾಗ ಅವರು ಎಲ್ಲರಿಗೂ ಸೋಪು, ಸೆಂಟು ತಂದರೆ ನನಗೆ ಕ್ಯಾಸೆಟ್ಟು ತರುತ್ತಿದ್ದರು. ಹಾಗೆ ನಮ್ಮ ಮನೆಗೆ ಬಂದವರು ಆ ನಾಲ್ಕು ಜನ ಉದ್ದ ಕೂದಲಿನವರು. ಬ್ಯಾಂಡಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಆ ಬ್ಯಾಂಡನ್ನು ಇಷ್ಟಪಡುವವರೂ ಪಡದವರೂ ಒಟ್ಟಿಗೆ ಜಗಳಕ್ಕೆ ಬರುತ್ತಾರೆ, ನನಗೆ ಪೇಪರ್ ತಿದ್ದುವುದಿದೆ. ಮೊದಲ ಸಲ ಕ್ಯಾಸೆಟ್ಟು ಹಾಕಿದಾಗ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ಅಮ್ಮ ಒಳಗೆ ಓಡಿ ಬಂದು, "ಎಂತ ಮಗ ಅದು? ಯಾರದ್ದಾದರೂ ಬೋಟಿನ ಇಂಜಿನ್ ಕೆಟ್ಟಿತಾ?" ಎಂದು ಕೇಳಿದ್ದರು.

ಇನ್ನು ಇವರು. ನನ್ನ ಗಂಡ ದಯಾನಂದ. ಕಾರ್ಕಳದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಅಜೆಕಾರಿನಿಂದ ಯಾರಾದರೂ ಕೆಟ್ಟ ಪಂಪು ತಂದು ಇಳಿಸಿದರೆ, ಇವರು ಅದನ್ನು ಒಮ್ಮೆ ಓಡಿಸಿ, ತಲೆ ಓರೆ ಮಾಡಿ ಕೇಳಿ, ಬಿಚ್ಚುವ ಮೊದಲೇ ಬೇರಿಂಗ್ ಹೋಗಿದೆಯೋ ಕಾಯಿಲ್ ಸುಟ್ಟಿದೆಯೋ ಹೇಳುತ್ತಾರೆ. ಸಂಗೀತವೆಂದರೆ ಇವರಿಗೆ ಯಕ್ಷಗಾನ ಒಂದೇ. ನನ್ನ ಹುಚ್ಚಿಗೆ ಇವರು ಎಂದೂ ಅಡ್ಡ ಬಂದವರಲ್ಲ, ಹತ್ತಿರ ಬಂದವರೂ ಅಲ್ಲ. ಹಾಗಿರುವಾಗ ಒಂದು ಸಂಜೆ ಗ್ರೀಸು ಮೆತ್ತಿದ ಕೈಯಲ್ಲಿ, ಅದೂ ಗ್ರೀಸು ತಾಗದ ಹಾಗೆ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟನ್ನು ತಂದು ಮೇಜಿನ ಮೇಲಿಟ್ಟು, "ಇದು ನಿನಗೆ" ಎಂದರು. ಬಿಚ್ಚಿದೆ. ನನ್ನ ಬ್ಯಾಂಡಿನದೇ ಗ್ರೇಟೆಸ್ಟ್ ಹಿಟ್ಸ್. ಎರಡು ಸಿಡಿ, ಇಪ್ಪತ್ತನಾಲ್ಕು ಹಾಡು.

ಇಲ್ಲಿ ನಾನು ಮುಖ ಅರಳಿಸಬೇಕಿತ್ತು. ಆದರೆ ಕಣ್ಣು ಆಗಲೇ ಹಿಂಬದಿಯ ಹಾಡುಗಳ ಪಟ್ಟಿಗೆ ಹೋಗಿತ್ತು. "ಎರಡನೇ ಆಲ್ಬಮ್ಮಿನಿಂದ ಒಂದೇ ಹಾಡಾ?" ಎಂದು ಬಾಯಿ ಕೇಳಿಯೇಬಿಟ್ಟಿತು. "ಅದು ನನಗೆ ಗೊತ್ತಿಲ್ಲ ಮಾರಾಯ್ತಿ" ಎಂದರು ಇವರು. "ಕೇಳಿ ನೋಡು. ಹೇಗುಂಟು ಹೇಳು."

ಹೇಗಿದೆ ಹೇಳು ಎಂದು ಗಣಿತದ ಟೀಚರಿಗೆ ಹೇಳಬಾರದು. ಪ್ರತಿ ವರ್ಷ ಉಡುಪಿಗೆ ಹೋಗಿ ಪಬ್ಲಿಕ್ ಪರೀಕ್ಷೆಯ ಮೌಲ್ಯಮಾಪನ ಮಾಡಿ ಬರುವವಳು ನಾನು. ಒಂದು ಪುಟ ನೋಡಿ ಅಂಕ ಹಾಕುವ ಜಾತಿ ನನ್ನದಲ್ಲ. ಇದನ್ನೂ ಸರಿಯಾಗಿಯೇ ಮಾಡಬೇಕೆಂದು ಹಟ ಹಿಡಿದೆ. ಎಲ್ಲ ಹಾಡುಗಳನ್ನೂ ಮೂರು ಸಲ ಕೇಳುವುದು, ಯಾವುದನ್ನೂ ಹಾರಿಸುವುದಿಲ್ಲ, ಮಿಕ್ಸಿ ಓಡುವಾಗ ಕೇಳಿದ್ದು ಲೆಕ್ಕಕ್ಕಿಲ್ಲ. ಒಂದು ವಾರ ಶಾಲೆಯಿಂದ ಬಂದ ಕೂಡಲೇ ಕಾಫಿ ಲೋಟ ಹಿಡಿದು ಪ್ಲೇಯರಿನ ಎದುರು ಕುಳಿತೆ. ನಾಲ್ಕನೇ ದಿನ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು, "ಟೀಚರೇ, ಮನೆಯಲ್ಲಿ ಎಂತಾದರೂ ತೊಂದರೆ ಉಂಟಾ?" ಎಂದು ಮೆಲ್ಲಗೆ ವಿಚಾರಿಸಿದರು. "ಇಲ್ಲ, ಮೌಲ್ಯಮಾಪನ" ಎಂದೆ. ಅವರು ಪಾಪ, ಈಗಿನ ಪರೀಕ್ಷೆಗಳೆಲ್ಲ ಹೀಗೆಯೇ ಇರಬಹುದೆಂದು ಹೋದರು.

ಕೇಳಿದಷ್ಟೂ ಸಿಟ್ಟು ಬಂತು. ಸಂಕಲನ ಮಾಡಿದವನು ಹಾಡುಗಳನ್ನು ಹಿಂದುಮುಂದು ಮಾಡಿ ಜೋಡಿಸಿದ್ದ. ಇಪ್ಪತ್ತೆರಡರ ಹುರುಪಿನಲ್ಲಿ ಹಾಡಿದವನು ಮರುನಿಮಿಷದಲ್ಲಿ ಐವತ್ತರ ದಣಿದ ಗಂಟಲಲ್ಲಿ ಹಾಡುತ್ತಾನೆ, ಮತ್ತೆ ಇಪ್ಪತ್ತೆರಡು. ಬ್ಯಾಂಡಿಗೆ ವಯಸ್ಸಾಗಿ, ಗಿಟಾರು ಮೂಲೆಗೆ ಸೇರಿ, ಕೀಬೋರ್ಡು ಬಂದ ಕಾಲದ ಹಾಡುಗಳೇ ಆರು. ಅವರ ಹನ್ನೊಂದು ನಿಮಿಷದ ಒಂದು ದೊಡ್ಡ ಹಾಡಿದೆ; ಸಮುದ್ರದಲ್ಲಿ ಗಾಳಿ ಏಳುವ ಹಾಗೆ ನಿಧಾನವಾಗಿ ಎದ್ದು, ಕೊನೆಯಲ್ಲಿ ಮನೆಯ ಹೆಂಚು ಹಾರಿಸುವಂಥದ್ದು. ಅದನ್ನು ಕತ್ತರಿಸಿ ನಾಲ್ಕು ನಿಮಿಷ ಮಾಡಿದ್ದಾರೆ. ಇದೆಲ್ಲ ಸಾಲದೆಂದು ಹದಿನೇಳನೆಯದಾಗಿ ಆ ಅಳುವ ಹಾಡು. ಪಿಯಾನೋ, ಪಿಟೀಲು, ಬಿಟ್ಟುಹೋದವಳು, ಮಳೆ. ಯಾವ ಆಲ್ಬಮ್ಮಿಗೂ ಸೇರದೆ ಬಿಡಿಯಾಗಿ ಬಂದು, ರಾಕ್ ಎಂದರೆ ಏನೆಂದೇ ಗೊತ್ತಿಲ್ಲದವರೆಲ್ಲ ಕೊಂಡ ಹಾಡು ಅದು. ಕಾಲೇಜಿನ ಹಾಸ್ಟೆಲಿನಲ್ಲಿ ರೂಮಿನವಳು ಅದನ್ನು ದಿನಕ್ಕೆ ಹತ್ತು ಸಲ ಹಾಕುತ್ತಿದ್ದಾಗ, ನಾನು ಹೋಗಿ ಹೋಗಿ ಟೇಪನ್ನು ಮುಂದಕ್ಕೆ ಓಡಿಸುತ್ತಿದ್ದೆ. ಅದಕ್ಕೆ ಸೊನ್ನೆ ಹಾಕಿದೆ. ಎರಡು ಗೆರೆ ಎಳೆದು ಹಾಕಿದೆ.

ಒಟ್ಟು ನೂರಕ್ಕೆ ಮೂವತ್ತೆಂಟು ಬಂತು. ಫುಲ್‌ಸ್ಕೇಪ್ ಹಾಳೆಯಲ್ಲಿ ಎರಡು ಪುಟ ಕಾರಣಗಳನ್ನೂ ಬರೆದೆ. ಶನಿವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಇವರು, "ಹೇಗುಂಟು, ಹೇಳಲೇ ಇಲ್ಲವಲ್ಲ?" ಎಂದರು. ನಾನು ಹಾಳೆ ತಂದು ಮೊದಲಿಂದ ಕೊನೆಯವರೆಗೆ ಓದಿದೆ. ಓದುವಾಗ ನನಗೆ ಒಂದು ತೃಪ್ತಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಇಷ್ಟು ನಿಷ್ಪಕ್ಷಪಾತವಾಗಿ ಯಾರು ಬರೆದಾರು? ಇವರು ಅನ್ನ ಕಲಸುತ್ತಾ ಕೇಳಿದರು. "ಪಾಸಾಯಿತಲ್ಲ" ಎಂದರು. ಎದ್ದು ಕೈತೊಳೆದರು. ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ ದಿನ ಇವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳದೆ ಎದ್ದದ್ದು ಇಪ್ಪತ್ತೈದು ವರ್ಷಗಳಲ್ಲಿ ಅದೇ ಮೊದಲು.

ನನಗೆ ಅರ್ಥವಾಗಲಿಲ್ಲ ಎಂದಲ್ಲ. ನೊಂದುಕೊಂಡರು ಎಂದು ಗೊತ್ತಾಯಿತು. ಆದರೆ ಸುಳ್ಳು ಅಂಕ ಹಾಕಿ ಸಮಾಧಾನ ಮಾಡುವುದು ನನ್ನಿಂದಾಗದು. ಬೇಕಾದರೆ ಅಂಕ ಯಾಕೆ ಕಡಿಮೆ ಎಂದು ತಿಳಿಯುವ ತನಕ ವಿವರಿಸುತ್ತೇನೆ. ದಡ್ಡರೆನಿಸಿಕೊಂಡವರಿಗೂ ತ್ರಿಕೋನಮಿತಿ ಕಲಿಸಿದ್ದೇನೆ, ಗಂಡನಿಗೆ ರಾಕ್ ಸಂಗೀತ ಕಲಿಸಲಾರೆನೇ? ಮರುದಿನ ಭಾನುವಾರ. ಅಮ್ಮನನ್ನು ನೋಡಿ ಬರೋಣ ಎಂದು ಇವರನ್ನು ಕಾರಿನಲ್ಲಿ ಕೂರಿಸಿದೆ. ನಮ್ಮದು ಹಳೆಯ ಕಾರು, ಸಿಡಿ ಹಾಕುವ ಬಾಯಿ ಅದರಲ್ಲಿ ಇನ್ನೂ ಇದೆ. ಚಲಿಸುವ ಕಾರಿನಿಂದ ಯಾವ ವಿದ್ಯಾರ್ಥಿಯೂ ಎದ್ದು ಹೋಗುವಂತಿಲ್ಲ.

ಬೆಳ್ಮಣ್ಣು ದಾಟುವವರೆಗೆ ಕತ್ತರಿಸಿದ ನಾಲ್ಕು ನಿಮಿಷದ ಹಾಡನ್ನೂ, ಆಮೇಲೆ ನನ್ನ ಹಳೆಯ ಸಿಡಿಯಿಂದ ಹನ್ನೊಂದು ನಿಮಿಷದ ಇಡೀ ಹಾಡನ್ನೂ ಕೇಳಿಸಿದೆ. ಎಲ್ಲೆಲ್ಲಿ ಕತ್ತರಿ ಬಿದ್ದಿದೆ ಎಂದು ಸ್ಟೇರಿಂಗಿನ ಮೇಲೆ ತಟ್ಟಿ ತೋರಿಸಿದೆ. ಇವರು ಪಂಪಿನ ಸದ್ದು ಕೇಳುವ ಹಾಗೆ ತಲೆ ಓರೆ ಮಾಡಿ ಕೇಳಿದರು. "ಹೌದು," ಎಂದರು, "ಯಕ್ಷಗಾನ ಪ್ರಸಂಗದಲ್ಲಿ ಮೊದಲಿನ ಒಡ್ಡೋಲಗ ಬಿಟ್ಟು ನೇರ ಯುದ್ಧಕ್ಕೇ ಹೋದ ಹಾಗಾಯಿತು." ನನಗೆ ಖುಷಿಯೋ ಖುಷಿ. ವಿದ್ಯಾರ್ಥಿ ಜಾಣ. ಆ ಉತ್ಸಾಹದಲ್ಲಿ ಪಡುಬಿದ್ರಿಯಲ್ಲಿ ತಿರುಗಿ, ಎರ್ಮಾಳಿನಲ್ಲಿ ನಿಲ್ಲಿಸದೆ ಕಾಪುವಿನವರೆಗೆ ಹೋಗಿಬಿಟ್ಟೆ, ಪಾಠ ಇನ್ನೂ ಬಾಕಿ ಇತ್ತಲ್ಲ. ದೀಪಸ್ತಂಭದ ಹತ್ತಿರ ಕಾರು ನಿಲ್ಲಿಸಿ ಹದಿನೇಳನೇ ಹಾಡು ಹಾಕಿದೆ.

"ಇದನ್ನು ಕೇಳಿ," ಎಂದೆ. "ಇದಕ್ಕೆ ಸೊನ್ನೆ ಯಾಕೆಂದು ಈಗ ನಿಮಗೇ ಗೊತ್ತಾಗುತ್ತದೆ. ಇಂಥ ಹಾಡಿಗಾಗಿ ಯಾರಾದರೂ ಇಡೀ ಸಿಡಿ ತೆಗೆದುಕೊಳ್ಳುತ್ತಾರಾ?"

ಇವರು ಸಮುದ್ರದ ಕಡೆ ನೋಡುತ್ತಿದ್ದರು. "ನಾನು ತೆಗೆದುಕೊಂಡದ್ದು ಇದಕ್ಕೇ" ಎಂದರು.

"ಇದಕ್ಕಾ? ಎಂತಕ್ಕೆ?"

"ನೀನು ಅಡುಗೆಮನೆಯಲ್ಲಿ ಹಾಡುವುದು ಇದೇ ಅಲ್ವಾ?"

ನಾನು ನಕ್ಕುಬಿಟ್ಟೆ. ನಾನು ಹಾಡುವವಳೇ ಅಲ್ಲ, ಹಾಡಿದರೂ ಇದನ್ನು ಹಾಡುವವಳಲ್ಲ ಎಂದೆ. ಇವರು ವಾದಕ್ಕೆ ಬರಲಿಲ್ಲ. ಸಿಡಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ, ಭಾಗವತರ ಹಾಗೆ ಸ್ವರ ಎಳೆದು ಗುನುಗಿದರು. ಮಾತುಗಳಿರಲಿಲ್ಲ, ಬರೀ ‘ಆ... ಆ...’ ಎರಡನೇ ಸಾಲಿಗೆ ನನ್ನ ಕಿವಿ ಬಿಸಿಯಾಯಿತು. ಅದು ಆ ಹಾಡೇ. ಅಷ್ಟೇ ಅಲ್ಲ, ಮೂರನೇ ಸಾಲಿನಲ್ಲಿ ಮೇಲೆ ಹೋಗಲಾಗದೆ ನಾನು ಕೆಳಗಿಳಿಯುವುದು ಕೂಡ ಹಾಗೆಯೇ ಅದರಲ್ಲಿತ್ತು. ಹಾಸ್ಟೆಲಿನಲ್ಲಿ ಕೈ ಟೇಪು ಓಡಿಸುತ್ತಿದ್ದಾಗ ಬಾಯಿ ಕದ್ದು ಕಲಿತಿತ್ತೆಂದು ಕಾಣುತ್ತದೆ.

"ಮತ್ತೆ ಅಂಗಡಿಯಲ್ಲಿ ಹೆಸರು ಹೇಗೆ ಹೇಳಿದಿರಿ?" ಎಂದು ಕೇಳಿದೆ.

"ಹೆಸರು ಗೊತ್ತಿದ್ದರಲ್ಲವಾ ಹೇಳುವುದು? ಹೀಗೆಯೇ ಹಾಡಿದೆ." ಮಣಿಪಾಲದಲ್ಲಿ ಯಾರದೋ ಮೋಟರ್ ಕೊಡಲು ಹೋದವರು, ಹಳೆಯ ಸಿಡಿ, ರೆಕಾರ್ಡು ಮಾರುವ ಒಂದು ಅಂಗಡಿಗೆ ನುಗ್ಗಿದ್ದಾರೆ. ಕೌಂಟರಿನಲ್ಲಿ ಒಬ್ಬ ಹುಡುಗಿ, ಸುತ್ತ ಮೂರು ನಾಲ್ಕು ಜನ ಕಾಲೇಜಿನವರು. "ಅವಳಿಗೆ ಮೊದಲ ಸಲ ಅರ್ಥ ಆಗಲಿಲ್ಲ. ಇನ್ನೊಮ್ಮೆ ಹಾಡಿ ಅಂಕಲ್ ಎಂದಳು. ಹಾಡಿದೆ. ಮೂರನೇ ಸಲ ತಾಳ ಸ್ವಲ್ಪ ಬೇಗ ಹಾಕಿದೆ, ಆಗ ಸಿಕ್ಕಿತು. ಈ ಒಂದು ಹಾಡು ಇರುವುದು ಇದರಲ್ಲಿ ಮಾತ್ರ ಎಂದಳು. ಹೊರಡುವಾಗ ಅವರೆಲ್ಲ ಚಪ್ಪಾಳೆ ಹೊಡೆದರು ಮಾರಾಯ್ತಿ."

ಸಭೆಯಲ್ಲಿ ಮೈಕು ಕೊಟ್ಟರೆ ಹಿಂದಿನ ಸಾಲಿಗೆ ಓಡುವ ಮನುಷ್ಯ ಇವರು. ಗ್ರೀಸಿನ ಅಂಗಿಯಲ್ಲಿ ನಿಂತು, ನೋಡಿ ಗುರುತಿಲ್ಲದ ಕಾಲೇಜಿನವರ ಎದುರು ಮೂರು ಸಲ ಹಾಡಿದ್ದಾರೆ. ಆ ಹಾಡಿಗೆ ನಾನು ಎರಡು ಗೆರೆ ಎಳೆದು ಸೊನ್ನೆ ಹಾಕಿ, ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದ್ದೇನೆ. ಕನ್ನಡಕ ಒರೆಸಿಕೊಂಡೆ; ಕಾಪುವಿನಲ್ಲಿ ಗಾಳಿ ಜೋರು, ಉಪ್ಪು ಕೂತುಬಿಡುತ್ತದೆ. "ನನಗೆ ಮೊದಲೇ ಹೇಳಬಾರದಿತ್ತಾ?" ಎಂದೆ. "ನೀನು ಓದುತ್ತಿದ್ದಿಯಲ್ಲ," ಎಂದರು ಇವರು, "ಮಧ್ಯದಲ್ಲಿ ಮಾತಾಡಿದರೆ ನಿನಗೆ ಆಗುವುದಿಲ್ಲ."

ಆದರೂ ನಾನು ಸುಲಭಕ್ಕೆ ಸೋಲುವವಳಲ್ಲ. ಎರಡನೇ ಸಾಕ್ಷಿ ಇಲ್ಲದೆ ಒಪ್ಪಬಾರದೆಂದು ಎರ್ಮಾಳಿಗೆ ಹಿಂದಿರುಗಿ ಅಮ್ಮನನ್ನು ಕೇಳಿದೆ. "ಅಮ್ಮ, ನಾನು ಕೆಲಸ ಮಾಡುವಾಗ ಎಂತಾದರೂ ಹಾಡ್ತೇನಾ?"

"ಎಂತಾದರೂ ಅಲ್ಲ, ಅದೊಂದೇ" ಎಂದರು ಅಮ್ಮ, ಮರುವಾಯಿ ಚಿಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸದೆ. "ಕಾಲೇಜಿಗೆ ಹೋದಲ್ಲಿಂದ ಶುರು. ನಾನು ಅದು ನಿಮ್ಮ ಹಾಸ್ಟೆಲಿನ ಪ್ರಾರ್ಥನೆ ಎಂದುಕೊಂಡು ನಡುವೆ ಮಾತಾಡುತ್ತಿರಲಿಲ್ಲ."

ಇವರು ಅಂಗಳದ ಕಡೆ ತಿರುಗಿ ನಕ್ಕರು. ಭುಜ ಅಲುಗಿದ್ದು ನನಗೆ ಕಾಣಿಸಿತು.

ಮನೆಗೆ ಬಂದು ಮರುಮೌಲ್ಯಮಾಪನ ಮಾಡಿದೆ. ಕೃಪಾಂಕ ನಾನು ಯಾರಿಗೂ ಕೊಟ್ಟವಳಲ್ಲ, ಈಗಲೂ ಕೊಡಲಿಲ್ಲ. ಹದಿನೇಳನೇ ಹಾಡನ್ನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಪೂರ್ತಿಯಾಗಿ ಕೇಳಿದೆ, ಈ ಬಾರಿ ಕೆಂಪು ಪೆನ್ನಿಲ್ಲದೆ. ಪಿಟೀಲು ಈಗಲೂ ಹೆಚ್ಚೇ. ಆದರೆ ರಾಗ ಗಟ್ಟಿಯಾದದ್ದು. ಮೂವತ್ತು ವರ್ಷ ಮೀನು ತೊಳೆಯುವ ನೀರಿನಲ್ಲಿ ನೆನೆದರೂ ಬಣ್ಣ ಬಿಟ್ಟಿಲ್ಲ. ಪೂರ್ತಿ ಅಂಕ ಕೊಟ್ಟೆ. ಹಾಳೆಯನ್ನು ಇವರಿಗೆ ತೋರಿಸಿ, "ನಾನು ಓದಿದ್ದು ತಪ್ಪು" ಎಂದು ಬಾಯಿಬಿಟ್ಟು ಹೇಳಿದೆ. ಉಳಿದ ಇಪ್ಪತ್ತಮೂರು ಹಾಡುಗಳ ಅಂಕ ಇದ್ದ ಹಾಗೆಯೇ ಇದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಲಿಸಿದ ಪಾಠ ವಿದ್ಯಾರ್ಥಿಯ ತಲೆಗೆ ಹತ್ತಿತ್ತು. ಇವರು ನನ್ನ ಮೂಲ ಆಲ್ಬಮ್ಮುಗಳನ್ನು ಒಂದೊಂದಾಗಿ ಅಂಗಡಿಗೆ ಕೊಂಡುಹೋಗಿ ಕೇಳಲು ಶುರುಮಾಡಿದರು. ಒಂದು ದಿನ ಬಂದವರೇ, "ನಿನ್ನ ಆ ಮೊದಲನೇ ಆಲ್ಬಮ್ ಒಳ್ಳೆಯದುಂಟು. ಆದರೆ ಐದನೇ ಹಾಡಿನಲ್ಲಿ ಚೆಂಡೆಯವ ಹಿಂದೆ ಬೀಳುತ್ತಾನೆ" ಎಂದರು. ಚೆಂಡೆಯವ ಎಂದರೆ ಡ್ರಮ್ಮರ್. ನನ್ನ ಮೈ ಉರಿದುಹೋಯಿತು. ಲೋಕದಲ್ಲಿ ಇಷ್ಟು ವರ್ಷ ಇಷ್ಟು ಜನ ಕೇಳಿದ್ದಾರೆ, ಯಾರೂ ಹೇಳದ್ದನ್ನು ಕಾರ್ಕಳದ ಪಂಪು ರಿಪೇರಿಯವರು ಹೇಳುವುದೇ? "ಅದು ಹಾಗೆಯೇ ಬಾರಿಸಬೇಕಾದದ್ದು, ನಿಮಗೆ ಗೊತ್ತಾಗುವುದಿಲ್ಲ" ಎಂದೆ. "ಇರಬಹುದು. ಆದರೂ ಒಮ್ಮೆ ಕೇಳು" ಎಂದರು, ಅದೂ ಬಹಳ ಮರ್ಯಾದೆಯಿಂದ.

ಇವರು ಅಂಗಡಿಗೆ ಹೋದ ಮೇಲೆ ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದೆ. ಒಂದು ಸಲ, ಎರಡು ಸಲ, ಮೇಜಿನ ಮೇಲೆ ಸ್ಕೇಲಿನಿಂದ ತಾಳ ಹಾಕುತ್ತಾ ಆರು ಸಲ. ಹಿಂದೆ ಬೀಳುತ್ತಾನೆ. ಎರಡನೇ ಚರಣ ಮುಗಿದು ಗಿಟಾರು ಏಳುವ ಕಡೆ, ಕೂದಲೆಳೆಯಷ್ಟು, ಆದರೆ ಖಂಡಿತವಾಗಿ.

ಇವರು ಈಗ ದಿನವೂ ಊಟಕ್ಕೆ ಕುಳಿತಾಗ, "ಕೇಳಿದೆಯಾ?" ಎನ್ನುತ್ತಾರೆ. "ಎಲ್ಲಿ ಪುರುಸೊತ್ತು? ಶಾಲೆಯ ಕೆಲಸ ರಾಶಿ ಉಂಟು" ಎನ್ನುತ್ತೇನೆ. ಶಾಲೆಗೆ ರಜೆ ಸಿಕ್ಕಿ ಎರಡು ವಾರವಾಯಿತು. ಅದು ಇವರಿಗೂ ಗೊತ್ತಿದೆ. ಸುಮ್ಮನೆ ಬಟ್ಟಲು ಮುಂದೆ ಚಾಚಿ, "ಇನ್ನು ಸ್ವಲ್ಪ ಸಾರು ಹಾಕು" ಎನ್ನುತ್ತಾರೆ.