ಹಿಡಿಗೆ ನೂರ ಅರವತ್ತು

ನಮ್ಮ ಸೋದರಮಾವ ಈ ಲೋಕದಲ್ಲಿ ಹೆದರಿದ್ದು ಒಂದೇ ಒಂದು ವಸ್ತುವಿಗೆ. ಹಾವಿಗಲ್ಲ, ಪೊಲೀಸರಿಗಲ್ಲ, ನಮ್ಮತ್ತೆಗೂ ಅಲ್ಲ (ಅತ್ತೆ ಇದನ್ನು ಒಪ್ಪುವುದಿಲ್ಲ). ಕಡಲೆಕಾಯಿಗೆ! ನಲವತ್ತು ವರ್ಷ ಶಿರಾದಲ್ಲಿ ಕಡಲೆಕಾಯಿ ಮಂಡಿ ನಡೆಸಿದ ಮನುಷ್ಯ, ಹೋದ ವರ್ಷ ಪೂರಾ ಆರು ತಿಂಗಳು, ಹುರಿದ ಬೀಜದ ತಟ್ಟೆ ಎದುರಿಗೆ ಬಂದರೆ ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದರು ಎಂದರೆ ನಂಬುತ್ತೀರಾ?

ಆರು ತಿಂಗಳು ಎಂದೆ. ನಾಲ್ಕೂ ಇರಬಹುದು. ಮಾವನ ವಿಷಯದಲ್ಲಿ ನನ್ನ ನೆನಪು ಸ್ವಲ್ಪ ಉಬ್ಬುತ್ತದೆ, ಅವರ ಹಾಗೆಯೇ.

ಮಂಡಿಯಲ್ಲಿದ್ದಾಗ ಅವರು ಕಾಯಿ ನೋಡುವ ರೀತಿಯನ್ನು ನಿಂತು ನೋಡಬೇಕಿತ್ತು. ಚೀಲದ ಬಾಯಲ್ಲಿರುವ ಕಾಯಿಯನ್ನು ಮುಟ್ಟುತ್ತಲೇ ಇರಲಿಲ್ಲ. "ಬಾಯಲ್ಲಿ ಎಲ್ಲಾರೂ ಒಳ್ಳೇದೇ ಇಟ್ಟಿರ್ತಾರೆ ಕಣ್ಲಾ" ಎಂದು ಮೊಣಕೈವರೆಗೂ ಕೈ ತೂರಿಸಿ, ಚೀಲದ ಹೊಟ್ಟೆಯಿಂದ ಒಂದು ಹಿಡಿ ಎಳೆಯುತ್ತಿದ್ದರು. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಹೆಬ್ಬೆರಳಲ್ಲಿ ಒಡೆದು, ಬೀಜವನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ತಕ್ಕಡಿಗೆ ಹಾಕುವುದು ಆಮೇಲೆ. ಒಳಗೆ ಬೀಜವೇ ಇಲ್ಲದ ಜೊಳ್ಳು ಎಷ್ಟು, ತೂಕ ಬರಲೆಂದು ನೀರು ಚಿಮುಕಿಸಿದ್ದು ಎಷ್ಟು, ಎಲ್ಲ ಅವರ ಹಲ್ಲಿಗೆ ಗೊತ್ತಾಗುತ್ತಿತ್ತು. ಇನ್ನೊಂದು ಕಟ್ಟಳೆಯೂ ಇತ್ತು: ಚೀಲದ ಮೇಲೆ ಯಾರೂ ಕೂರಕೂಡದು. ಕಾಯಿ ಒಡೆಯುತ್ತದೆ! ಒಮ್ಮೆ ಬೀಗರೇ ಬಂದು ದಣಿವಿಗೆ ಚೀಲದ ಮೇಲೆ ಕೂತರು. ಮಾವ "ಎದ್ದೇಳಿ!" ಎಂದು ಕೂಗಿದ ಕೂಗಿಗೆ, ಪಾಪ, ಅವರು ಕಾಫಿಗೂ ನಿಲ್ಲದೆ ಬಸ್ಸು ಹತ್ತಿದರು.

ಮಂಡಿಯನ್ನು ತಮ್ಮನ ಮಗನಿಗೆ ವಹಿಸಿ ಮನೆಯಲ್ಲಿ ಕೂತ ಮೇಲೆ ಮಾವನ ತೂಕ ಏರಿತು, ಮೊಣಕಾಲು ಕೈಕೊಟ್ಟಿತು. ತುಮಕೂರಿನ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಹನ್ನೆರಡು ಕಿಲೋ ಇಳಿಸಿ, ಕಾಲಿಗೆ ಬಲ ತಂದುಕೊಂಡರೆ ಇರುವ ಮೊಣಕಾಲಲ್ಲೇ ಇನ್ನಷ್ಟು ವರ್ಷ ತಳ್ಳಬಹುದು, ಇಲ್ಲವಾದರೆ ಆಪರೇಷನ್ ಮಾಡಿ ಬದಲಾಯಿಸಬೇಕು.

"ಆಪರೇಷನ್ ಒಂದು ಬ್ಯಾಡ" ಎಂದರು ಮಾವ. ಭಯ ಎಂದು ನಾವೆಲ್ಲ ತೀರ್ಮಾನಿಸಿದೆವು. ಇಷ್ಟು ದೊಡ್ಡ ಶರೀರಕ್ಕೆ ಎಷ್ಟು ಸಣ್ಣ ಧೈರ್ಯ ಎಂದು ಹಿಂದಿನಿಂದ ನಕ್ಕೆವು ಕೂಡ.

ಅವರ ಫೋನಿಗೆ ಕ್ಯಾಲೋರಿ ಎಣಿಸುವ ಆ್ಯಪ್ ಹಾಕಿಕೊಟ್ಟ ಪಾಪಿ ನಾನೇ. ದಿನಕ್ಕೆ ಒಂದು ಸಾವಿರದ ನಾನೂರು. ಅಷ್ಟರೊಳಗಿದ್ದರೆ ಪರದೆ ಹಸಿರು, ದಾಟಿದರೆ ಕೆಂಪು. ಮೊದಲ ದಿನವೇ ಜಗಳ. ಮುದ್ದೆ ಎಂದು ಬರೆದರೆ ಫೋನು "ಎಷ್ಟು ಬಟ್ಟಲು?" ಎಂದು ಕೇಳಿತು.

"ಮುದ್ದೇನ ಯಾವನ್ಲಾ ಬಟ್ಟಲಲ್ಲಿ ಅಳೀತಾನೆ?" ಎಂದು ಮಾವ ನನ್ನ ಮೇಲೆ ಎಗರಿದರು, ಆ್ಯಪ್ ಬರೆದವನು ನಾನೇ ಎಂಬಂತೆ.

ಮಾರನೆಯ ದಿನ ಮೇಜಿನ ಮೇಲೆ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಬಂದು ಕೂತಿತು. ಮೊಣಕಾಲು ಮಡಚಲು ಬಾರದ್ದರಿಂದ ಮಾವನ ಊಟ ಮೇಜಿನ ಮೇಲೆ. ಅತ್ತೆಯದು ಎಂದಿನಂತೆ ಒಲೆಯ ಪಕ್ಕ, ನೆಲದ ಮೇಲೆ. ಅತ್ತೆ ಬಿಸಿ ಮುದ್ದೆ ಕಟ್ಟಿ ತಕ್ಕಡಿಗೆ ಇಟ್ಟರು.

"ಮುನ್ನೂರ ಹತ್ತು. ಒಂಚೂರು ಕಿತ್ಕೋ."

ಅತ್ತೆ ಕಿತ್ತರು.

"ಇನ್ನೂರ ಎಂಬತ್ತು! ಅಷ್ಟ್ಯಾಕೆ ಕಿತ್ತೆ? ಹತ್ತು ಗ್ರಾಂ ವಾಪಸ್ ಇಡು."

ಅತ್ತೆ ಪಾವಗಡದ ಕಡೆಯವರು, ತವರು ವಳ್ಳೂರು. ಕೋಪ ನೆತ್ತಿಗೇರಿದರೆ ತೆಲುಗು ಬರುತ್ತದೆ. "ಚಾಲು ಸ್ವಾಮೀ, ಚಾಲು!" ಎಂದು, ಸಾಕಪ್ಪಾ ಸಾಕು ಎನ್ನುವಂತೆ ಕೈಮುಗಿದು, "ಇದೇನು ಊಟನಾ, ಚಿನ್ನದಂಗಡಿನಾ?" ಎಂದು ಕನ್ನಡಕ್ಕೆ ಮರಳಿದರು. ತೂಕ ಸರಿಹೋಗುವ ಹೊತ್ತಿಗೆ ಮುದ್ದೆ ತಣ್ಣಗಾಗಿ ಕಲ್ಲಾಗಿತ್ತು.

ಕೊರಟಗೆರೆಯ ಮದುವೆಯ ಕಥೆಯನ್ನು ನಾನು ಕಣ್ಣಾರೆ ಕಂಡದ್ದಲ್ಲ. ಆದರೆ ಎಷ್ಟು ಸಲ ಕೇಳಿದ್ದೇನೆಂದರೆ ಈಗ ನನಗೆ ಅಲ್ಲಿಯ ಸಾರಿನ ವಾಸನೆಯೂ ನೆನಪಿದೆ. ಮಾವ ಜೇಬಿನಿಂದ ತಕ್ಕಡಿ ತೆಗೆದು ಎಲೆಯ ಪಕ್ಕ ಇಟ್ಟರು. ಮೂಗಿನ ತುದಿಗೆ ಕನ್ನಡಕ. ಹೋಳಿಗೆಯನ್ನು ಎತ್ತಿ ತೂಗಿ, ಫೋನಿನಲ್ಲಿ ಬರೆದುಕೊಂಡರು. ಬಡಿಸುವವನು ಓಡಿಹೋಗಿ ಅಡುಗೆಯ ಯಜಮಾನನಿಗೆ ಹೇಳಿದ. ಯಜಮಾನ ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದು ನಿಂತ.

"ಸಾರ್, ಆಹಾರ ಇಲಾಖೆಯೋರಾ? ತುಪ್ಪ ಅಪ್ಪಟ ಸಾರ್, ಬೇಕಾದ್ರೆ ನೀವೇ ನೋಡಿ!" ಎಂದು ಒಂದು ಸೌಟು ತುಪ್ಪವನ್ನು ಹೋಳಿಗೆಯ ಮೇಲೆ ಸುರಿದೇಬಿಟ್ಟ. "ಹೂರಣನೂ ನೋಡಿ ಸಾರ್" ಎಂದು ಇನ್ನೊಂದು ಹಾಕಿದ. ತನಿಖೆ ಅರ್ಧಕ್ಕೆ ನಿಲ್ಲಿಸುವುದು ಹೇಗೆ? ಮಾವನ ಪ್ರಕಾರ ಅಂದು ತಿಂದದ್ದು ಒಂದೂವರೆ ಹೋಳಿಗೆ. ಅತ್ತೆಯ ಪ್ರಕಾರ ನಾಲ್ಕು. ನಾನು ಮೂರು ಎಂದು ಬರೆಯುತ್ತೇನೆ; ಸತ್ಯಕ್ಕೆ ಹತ್ತಿರ ಎಂದಲ್ಲ, ಇಬ್ಬರ ಮನೆಯಲ್ಲೂ ನನಗೆ ಊಟ ಬೇಕು. ಅದು ಒಂದೇ ಮನೆ, ಆದರೂ!

ಇಲ್ಲಿಯವರೆಗೆ ನಗು. ಆಮೇಲೆ ನಡೆದದ್ದು ಅಷ್ಟು ನಗುವ ವಿಷಯವಲ್ಲ.

ಒಂದು ಹಿಡಿ ಕಡಲೆಬೀಜಕ್ಕೆ ನೂರ ಅರವತ್ತು ಎಂದು ಫೋನು ತೋರಿಸಿತು. ಮೂರು ಕ್ರೀಮ್ ಬಿಸ್ಕತ್ತಿಗೂ ಹೆಚ್ಚುಕಮ್ಮಿ ಅಷ್ಟೇ. ಮಾವ ಬೀಜ ಬಿಟ್ಟು ಬಿಸ್ಕತ್ತು ಹಿಡಿದರು. ಯಾಕೆಂದು ಕೇಳಿದೆ.

"ಬೀಜಕ್ಕೆ ಲೆಕ್ಕ ಸಿಗಲ್ಲ ಕಣ್ಲಾ. ಒಂದು ದಪ್ಪ, ಒಂದು ಸಣ್ಣ. ನನ್ನ ಹಿಡಿ ಬೇರೆ, ನಿನ್ನ ಹಿಡಿ ಬೇರೆ. ಬಿಸ್ಕತ್ ನೋಡು, ಪೊಟ್ಟಣದ ಮೇಲೇ ಅಚ್ಚಾಕವ್ರೆ. ತಕರಾರೇ ಇಲ್ಲ!"

ಅದೇ ನ್ಯಾಯದಲ್ಲಿ ಮುದ್ದೆ ಹೋಯಿತು, ಪೊಟ್ಟಣದ ಓಟ್ಸ್ ಬಂತು. ಬಸ್ಸಾರು ಹೋಯಿತು; ಸೊಪ್ಪಿನ ಮೇಲೆ ಯಾರು ಅಚ್ಚು ಹಾಕುತ್ತಾರೆ? ಪುಡಿ ಬೆರೆಸುವ ಸೂಪು ಬಂತು. ಅತ್ತೆಯ ಹುರುಳಿಕಾಳು ಸಾರಿಗೆ ಬಾಗಿಲು ಮುಚ್ಚಿತು. ಯಾವುದನ್ನು ಎಣಿಸಲು ಸುಲಭವೋ ಅದೇ ತಿನ್ನಲು ಯೋಗ್ಯ ಎಂದಾಯಿತು. ಹಗಲೆಲ್ಲ ಹಸಿದುಕೊಂಡು ಉಳಿಸಿದ್ದನ್ನು ಸಂಜೆ ಬಿಸ್ಕತ್ತಿಗೆ ಖರ್ಚು ಮಾಡುತ್ತಿದ್ದರು. ಫೋನು ಹಸಿರಾಗಿ ನಗುತ್ತಿತ್ತು. ನಾನೂ ನಗುತ್ತಿದ್ದೆ, ನಾನು ಹಾಕಿಕೊಟ್ಟ ಆ್ಯಪ್ ಅಲ್ಲವೇ?

ತೂಕ ಇಳಿಯಿತು. ಎರಡೇ ತಿಂಗಳಿಗೆ ಐದು ಕಿಲೋ! ಜಾಮಿಯಾ ಮಸೀದಿಯ ಹತ್ತಿರ ಚಹಾ ಅಂಗಡಿ ಇಟ್ಟಿರುವ ಮಾವನ ಹಳೆಯ ಗೆಳೆಯರೊಬ್ಬರು ಮಾತ್ರ ಹೊಗಳಲಿಲ್ಲ. "ಕ್ಯಾ ಸಾವ್ಕಾರ್, ತಬಿಯತ್ ಸರಿ ಇಲ್ವಾ? ಬೀಜ ತಿನ್ನೋ ಮುಖ ಹೋಗಿ ಬಿಸ್ಕತ್ ಮುಖ ಬಂದೈತೆ!" ಎಂದರು. ಮಾವ ಮೂರು ದಿನ ಆ ಕಡೆ ಚಹಾಕ್ಕೆ ಹೋಗಲಿಲ್ಲ.

ಮತ್ತೆ ತೋರಿಸಲು ತುಮಕೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಮಾವನ ತೊಡೆಯನ್ನು ಒತ್ತಿ ನೋಡಿದರು. ಕುರ್ಚಿಯಿಂದ ಕೈ ಊರದೆ ಏಳಲು ಹೇಳಿದರು. ಮಾವ ಏಳಲಿಲ್ಲ. ಏಳಲಾಗಲಿಲ್ಲ.

"ತೂಕ ಇಳಿದಿದೆ ಯಜಮಾನ್ರೇ. ಅದರ ಜೊತೆ ಕಾಲಿನ ಬಲವೂ ಇಳಿದಿದೆ. ಹಿಂಗೇ ಹೋದ್ರೆ ಆಪರೇಷನ್ನೇ ಗತಿ. ದಿನಾ ಏನು ತಿಂತೀರಿ?"

ಮಾವ ಹೆಮ್ಮೆಯಿಂದ ಫೋನು ಚಾಚಿದರು. "ಒಂದು ಸಾವಿರದ ನಾನೂರು."

"ಎಷ್ಟು ಅಂತ ಕೇಳ್ಲಿಲ್ಲ. ಏನು ಅಂತ ಕೇಳ್ದೆ."

ತುಮಕೂರಿನಿಂದ ಶಿರಾವರೆಗೆ ಮಾವ ಬಸ್ಸಿನ ಕಿಟಕಿಯಿಂದಾಚೆ ನೋಡುತ್ತಾ ಕೂತರು. ಇಳಿಯುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಇಲ್ಲಿ ನನಗೊಂದು ಸೊಗಸಾದ ದೃಶ್ಯ ಬರೆಯುವ ಆಸೆ. ಅತ್ತೆ ಒಂದು ಜೊಳ್ಳು ಕಾಯಿ, ಒಂದು ಗಟ್ಟಿ ಕಾಯಿ ತಂದು ಮಾವನ ಮುಂದಿಟ್ಟು, ಒಂದೇ ಒಂದು ಮಾತಿನಲ್ಲಿ ಅವರ ಕಣ್ಣು ತೆರೆಸುವ ದೃಶ್ಯ. ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಹಾಗೇನೂ ಆಗಲಿಲ್ಲ. ಅತ್ತೆ ಮಾಡಿದ್ದು ಎರಡು ಕೆಲಸ. ಮೊದಲು ಓಟ್ಸ್ ಡಬ್ಬಿಯನ್ನು ಪಕ್ಕದ ಮನೆಗೆ ದಾನ ಮಾಡಿದರು. ಆಮೇಲೆ ಮಾವನ ಸಾರಿಗೆ ಧಾರಾಳವಾಗಿ ತುಪ್ಪ ಸುರಿದರು. "ಮನೇ ತುಪ್ಪಕ್ಕೆ ಎಲ್ಲಿಂದ ಬರ್ತೈತೆ ಕ್ಯಾಲೋರಿ? ಅದೆಲ್ಲಾ ಅಂಗ್ಡೀದಕ್ಕೆ!" ಎಂಬುದು ಅವರ ಸಿದ್ಧಾಂತ. ಒಂದು ಹಿಡಿಯ ಜಾಗದಲ್ಲಿ ನಾಲ್ಕು ಹಿಡಿ ಬೀಜ, ಬೆಲ್ಲದ ಜೊತೆ. ಮೂರೇ ವಾರಕ್ಕೆ ಇಳಿದ ಐದರಲ್ಲಿ ಎರಡು ಕಿಲೋ ವಾಪಸ್ ಬಂದವು. ಹಾಗಾಗಿ, ಫೋನು ಸುಳ್ಳು ಹೇಳುತ್ತಿತ್ತು ಎಂದು ನಾನು ಬರೆಯಲಾರೆ. ಅತ್ತೆ ಗೆದ್ದರು ಎಂದೂ ಬರೆಯಲಾರೆ.

ಒಂದು ಮಧ್ಯಾಹ್ನ ಮಾವ ಜಗಲಿಯಲ್ಲಿ ಉಗುರು ಕತ್ತರಿಸಿಕೊಳ್ಳುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಮಂಡೀಲಿ ತೂಕಾನೂ ನೋಡ್ತಿದ್ದೆ, ಒಡ್ದೂ ನೋಡ್ತಿದ್ದೆ. ಉಣ್ಣೋದ್ರಲ್ಲಿ ಯಾಕ್ಲಾ ಮರ್ತೆ?" ಅಷ್ಟೇ. ಇನ್ನೊಂದು ಕೈಯ ಉಗುರಿಗೆ ಹೋದರು.

ಅಂದಿನಿಂದ ಒಪ್ಪಂದ. ಏನು ಎನ್ನುವುದು ಅತ್ತೆಯ ಖಾತೆ, ಎಷ್ಟು ಎನ್ನುವುದು ಮಾವನ ಖಾತೆ. ಮುದ್ದೆ ಮರಳಿತು, ಗಾತ್ರ ಕುಗ್ಗಿ. ಸೊಪ್ಪು, ಹುರುಳಿ ಮರಳಿದವು. ತುಪ್ಪ ಒಂದು ಚಮಚ. ಬೀಜ ದಿನಕ್ಕೆ ಒಂದು ಹಿಡಿ. ಯಾರ ಹಿಡಿ ಎಂದು ಒಂದು ಇಡೀ ದಿನ ವಾದ ನಡೆದು, ಕೊನೆಗೆ ಅತ್ತೆಯ ಹಿಡಿ ಎಂದು ಇತ್ಯರ್ಥವಾಯಿತು; ಅದು ಚಿಕ್ಕದು. ಡಾಕ್ಟರು ಹೇಳಿದಂತೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವೂ ಶುರುವಾಯಿತು. ತೂಕ ಈಗ ಬಹಳ ನಿಧಾನ ಇಳಿಯುತ್ತಿತ್ತು. ಎಷ್ಟು ನಿಧಾನವೆಂದರೆ, ನನಗೇ ತಾಳ್ಮೆ ತಪ್ಪಿತು.

"ಮಾವ, ಇಷ್ಟೆಲ್ಲಾ ಗೋಳು ಯಾಕೆ? ಆಪರೇಷನ್ ಮಾಡಿಸ್ಕೊಂಡ್ಬುಡಿ. ಈಗ ಎಲ್ಲಾರೂ ಮಾಡಿಸ್ಕೋತಾರೆ. ಅದಕ್ಕೆಲ್ಲಾ ಭಯ ಪಟ್ಕೋತಾರಾ?"

"ಭಯ ಯಾವನಿಗ್ಲಾ?" ಎಂದರು. ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿದರು. "ಆಪರೇಷನ್ ಆದ್ಮೇಲೆ ನೆಲದ ಮೇಲೆ ಕೂರಂಗಿಲ್ವಂತೆ. ಡಾಕ್ಟ್ರು ಹೇಳವ್ರೆ. ನಿಮ್ಮತ್ತೆನ ಮೇಜಿಗೆ ಕರ್ದೆ, ಒಂದಿನ ಕೂತ್ಲು. ಕಾಲು ತೂಗಾಡಿಸ್ಕಂಡು ಉಂಡ್ರೆ ಅನ್ನ ಗಂಟ್ಲಲ್ಲೇ ನಿಂತ್ಕತದೆ ಅಂದ್ಲು. ನಲವತ್ತು ವರ್ಷ ಎದುರುಬದುರು ಕೂತು ಉಂಡಿದೀವಿ. ಈಗ ಎರಡು ವರ್ಷದಿಂದ ಅವಳ ಬೈತಲೆ ನೋಡ್ಕಂಡು ಉಣ್ತಾ ಇದೀನಿ. ಮುಖ ಕಾಣಲ್ಲ ಕಣ್ಲಾ."

ಆಪರೇಷನ್ನಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಹೋದ ತಿಂಗಳು ಊಟದ ಹೊತ್ತಿಗೆ ಹೋದಾಗ ಮೇಜು ಗೋಡೆ ಸೇರಿತ್ತು. ಅಡುಗೆಮನೆಯಲ್ಲಿ, ಅತ್ತೆಯ ಎದುರಿಗೆ, ಅರ್ಧ ಚೀಲ ಕಡಲೆಕಾಯಿ ಅಡ್ಡ ಮಲಗಿತ್ತು. ಅದರ ಮೇಲೆ ಮಾವ! ಮಿಸುಕಾಡಿದಾಗಲೆಲ್ಲ ಕೆಳಗಿನಿಂದ ಚಟಪಟ ಸದ್ದು.

"ಮಾವ, ಕಾಯಿ ಒಡೀತವೆ!"

"ಒಡೀಲಿ ಬುಡು. ಸುಲಿಯೋ ಕೆಲ್ಸ ಉಳೀತು."

ದಿನಾ ಆ ಚೀಲದಿಂದಲೇ ಅತ್ತೆ ಒಂದು ಹಿಡಿ ತೆಗೆದು ಹುರಿಯುತ್ತಾರಂತೆ, ಚಟ್ನಿಗೂ ಅದೇ ಅಂತೆ. ಚೀಲ ತಗ್ಗಿದಷ್ಟೂ ಮಾವ ಕೆಳಗಿಳಿಯುತ್ತಿದ್ದಾರೆ. ಏಳುವಾಗ ಒಂದು ಕೈಗೆ ಗೋಡೆ, ಒಂದು ಕೈಗೆ ಅತ್ತೆ. ಎಂಟು ಕಿಲೋ ಇಳಿದಿದೆ ಎಂದು ಮಾವ ಹೇಳಿದರು, ಏಳು ಎಂದು ಅತ್ತೆ ತಿದ್ದಿದರು.

"ಎಷ್ಟೈತೆ ಇನ್ನೂ?" ಎಂದು ಮಾವ ಕೇಳಿದರು.

ಫೋನು ಪಕ್ಕದಲ್ಲೇ ಇತ್ತು. ಅತ್ತೆ ಅದನ್ನು ನೋಡಲಿಲ್ಲ. ತಟ್ಟೆಯಿಂದ ತಲೆ ಎತ್ತಿ, ಮಾವನ ಕಣ್ಣು ಎಷ್ಟು ಎತ್ತರದಲ್ಲಿದೆ, ತಮ್ಮ ಕಣ್ಣು ಎಷ್ಟು ಎತ್ತರದಲ್ಲಿದೆ ಎಂದು ಒಮ್ಮೆ ಅಂದಾಜು ಮಾಡಿದರು. ಎಡಗೈಯ ಹೆಬ್ಬೆರಳು ಕಿರುಬೆರಳನ್ನು ಅಗಲಿಸಿ ತೋರಿಸಿದರು.

"ಒಂದು ಗೇಣು."