ಎಣ್ಣೆಗಾಯಿ ಮಸಾಲೆಯ ಉದ್ಧಾರ

ಈ ಪ್ರಪಂಚದಲ್ಲಿ ನನ್ನ ಭಾವ ಸುಧಾರಿಸಲು ಹೊರಡದೆ ಬಿಟ್ಟ ವಸ್ತು ಒಂದೇ ಒಂದು. ಅದು ಸ್ವತಃ ಅವರೇ! ಮಿಕ್ಕಿದ್ದೆಲ್ಲವೂ ಒಮ್ಮೆ ಅವರ ಕೈಯಲ್ಲಿ ಸುಧಾರಿಸಿಕೊಂಡು, ಆಮೇಲೆ ರಿಪೇರಿಯವನ ಕೈ ಸೇರಿದೆ.

ತೊಂಬತ್ತರ ದಶಕದ ಮಾತು. ಭಾವ ಖತಾರಿನ ಮೆಸಯೀದ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ದೋಹಾ ಅಲ್ ಜದೀದಾದ ಅವರ ಫ್ಲ್ಯಾಟಿನ ಹಾಲಿನಲ್ಲಿ ನಾನು ಬಾಡಿಗೆ ಕೊಡದ ಭಾವಮೈದ. ಗಾಳಿ ಇನ್ನಷ್ಟು ತಂಪಾಗಲೆಂದು ಒಮ್ಮೆ ಅವರು ಏಸಿಯ ಬಾಯಿಗೆ ಒದ್ದೆ ಟವೆಲು ಕಟ್ಟಿದರು. ಏಸಿ ಕೆಟ್ಟು ನಿಂತಿತು, ಟವೆಲು ಒಣಗಿತು. “ನೋಡಿದ್ಯಾ, ಒಂದು ಕೆಲಸ ಆದ್ರೂ ಆಯ್ತಲ್ಲ!” ಎಂದರು ಭಾವ. ಇಂಥವರ ಜೊತೆ ವಾದ ಮಾಡುವುದುಂಟೇ?

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಆ ಚಳಿಗಾಲ ಭಾವ ಅಡುಗೆಮನೆಗೆ ಕಾಲಿಟ್ಟರು. ಅಕ್ಕನಿಗೆ ಕೆಟ್ಟ ಜ್ವರ ಬಂದಿತ್ತು. ಅದು ಹೋಗುವಾಗ ಅವಳ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಕಿತ್ತುಕೊಂಡು ಹೋಯಿತು. ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ತಟ್ಟೆ ಮುಂದಿಟ್ಟರೆ “ಮಣ್ಣು ತಿಂದ ಹಾಗಾಗುತ್ತೆ ಕಣೋ” ಎಂದು ಸರಿಸಿಬಿಡುತ್ತಿದ್ದಳು. ದೋಹಾದ ಮೈಸೂರಿನವರಿಗೆಲ್ಲ ಎಣ್ಣೆಗಾಯಿ ಮಾಡಿ ಬಡಿಸಿದ ನನ್ನಕ್ಕ ಸೊರಗಿ ಕಡ್ಡಿಯಾದಳು. ಏನಾದರಾಗಲಿ, ಯುಗಾದಿಯ ದಿನ ಅವಳು ಹೊಟ್ಟೆ ತುಂಬ ಉಣ್ಣಬೇಕು ಎಂದು ಭಾವ ಹಟ ಹಿಡಿದರು. ಹೇಗೆ ಉಣಿಸುವುದು? ಅಂಗಡಿಯಲ್ಲಿ ಸಿಗುವ ಎಣ್ಣೆಗಾಯಿ ಮಸಾಲೆಯ ಪ್ಯಾಕೆಟ್ಟನ್ನು ಸುಧಾರಿಸಿ!

ಪ್ಯಾಕೆಟ್ಟಿನ ಬೆನ್ನ ಮೇಲೆ ಬರೆದದ್ದು ಇಷ್ಟೇ: ಪುಡಿಗೆ ಉಪ್ಪು, ನೀರು ಹಾಕಿ ಕಲಸಿ, ಬದನೆಕಾಯಿಗೆ ತುಂಬಿ, ಎಣ್ಣೆಯಲ್ಲಿ ಬೇಯಿಸಿ. ಚಿಕ್ಕ ಮಕ್ಕಳೂ ಮಾಡಬಹುದು. ಭಾವ ಚಿಕ್ಕ ಮಕ್ಕಳಲ್ಲವಲ್ಲ! ಮೊದಲ ಶುಕ್ರವಾರ ಎಳ್ಳು, ಕೊಬ್ಬರಿ, ಕಡಲೆಬೀಜ ಹುರಿದು ಸೇರಿಸಿದರು. ಅಕ್ಕ ಒಂದು ತುತ್ತು ಬಾಯಿಗಿಟ್ಟು, “ಏನೂ ಗೊತ್ತಾಗ್ತಿಲ್ಲ ರೀ” ಎಂದಳು.

“ನಿನ್ನ ನಾಲಿಗೇದೇನೂ ತಪ್ಪಿಲ್ಲ ಕಣೇ. ಈ ಪ್ಯಾಕೆಟ್ಟೇ ದಂಡ!” ಎಂದು ಭಾವ ಗುಡುಗಿದರು.

ಉಳಿದ ಬದನೆಕಾಯಿಗಳು ಯಾರ ಪಾಲು? ಬಾಡಿಗೆ ಕೊಡದವನ ಪಾಲು!

ಮರುವಾರ ಖರ್ಜೂರ ಬಂತು. ಅದರ ಮರುವಾರ ಹುಣಸೆಯ ಜಾಗದಲ್ಲಿ ಅರಬರ ಒಣ ನಿಂಬೆ ಬಂತು. ಅಕ್ಕ ಮತ್ತೆ ಇಲ್ಲವೆಂದು ತಲೆಯಾಡಿಸಿದಳು. ಭಾವ ನನ್ನನ್ನೂ ಎಳೆದುಕೊಂಡು ಕೆಳಗಿನ ಮಲಯಾಳಿ ಅಂಗಡಿಗೆ ಜಗಳಕ್ಕೇ ಹೋದರು. ಅಂಗಡಿಯವನು ತಾಳ್ಮೆಯಿಂದ, “ಸಾರ್, ಇಸ್ಮೇ ಕ್ಯಾ ಕ್ಯಾ ಡಾಲಾ?” ಎಂದು ಕೇಳಿದ. ಭಾವ ಒಂದೊಂದಾಗಿ ಹೇಳುತ್ತಾ ಹೋದರು. ಎಲ್ಲ ಕೇಳಿಸಿಕೊಂಡ ಅವನು, “ಸಬ್ ಠೀಕ್ ಹೈ ಸಾರ್. ಪ್ಯಾಕೆಟ್ ಡಾಲ್ನಾ ಭೂಲ್ ಗಯಾ ಕ್ಯಾ?” ಎಂದ. ಪ್ಯಾಕೆಟ್ಟನ್ನು ಹಾಕುವುದೇ ಮರೆತುಹೋಯಿತೇ ಎಂದು! ನಾನು ಅಕ್ಕಿ ಮೂಟೆಗಳ ಹಿಂದೆ ಹೋಗಿ ನಕ್ಕೆ.

ಯುಗಾದಿ ಹತ್ತಿರ ಬಂದಾಗ ಇಂಗಿನ ಸರದಿ. ಘಮ ಹೆಚ್ಚಲಿ ಎಂದು ಭಾವ ಇಂಗಿನ ಗಟ್ಟಿಯನ್ನೇ ಕಾದ ಎಣ್ಣೆಗೆ ಬಿಟ್ಟು, ಫೋನು ಬಂತೆಂದು ಹೋದರು. ಅಯ್ಯೋ, ಆ ಸೀದ ನಾತ! ಮೇಲಿನ ಮನೆಯ ಈಜಿಪ್ಟಿನವನು ಗ್ಯಾಸೇ ಸೋರಿತೆಂದು ಬನಿಯನ್ನಿನಲ್ಲೇ ಓಡಿಬಂದು “ಯಲ್ಲಾ, ಯಲ್ಲಾ, ಬರ‍್ರಾ!” ಎಂದು ನಮ್ಮನ್ನು ಹೊರಗೆ ತಳ್ಳತೊಡಗಿದ. ಮೂಗು ಮುಚ್ಚಿಕೊಂಡು ಎಲ್ಲರೂ ಮೆಟ್ಟಿಲತ್ತ ಓಡಿದೆವು. ತಿರುಗಿ ನೋಡಿದರೆ ಅಕ್ಕ ಸೋಫಾದ ಮೇಲೆ ಹಾಗೇ ಕೂತಿದ್ದಾಳೆ.

“ಯಾಕ್ರೋ ಎಲ್ಲ ಓಡ್ತಿದ್ದೀರಾ?” ಎಂದಳು.

ನಮ್ಮ ಓಟ ಅಲ್ಲಿಗೇ ನಿಂತಿತು. ಆವತ್ತು ಬಾಣಲೆ ತಿಕ್ಕುತ್ತಾ ನನಗೆ ರೇಗಿಹೋಯಿತು.

“ಖಲಾಸ್ ಭಾವ, ಸಾಕು ಮಾಡಿ! ಪ್ಯಾಕೆಟ್ ಸರಿಯಾಗೇ ಇದೆ. ನೀವು ಏನು ತಂದು ಸುರಿದ್ರೂ ಅಷ್ಟೇ. ನಿಮಗೆ ಅಷ್ಟೂ ಗೊತ್ತಾಗಲ್ವಾ?”

ಭಾವ ಹಾಲಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. “ಗೊತ್ತು ಕಣಯ್ಯ, ಮೊದಲ ವಾರವೇ ಗೊತ್ತಾಯ್ತು. ಆದ್ರೆ ಪ್ಯಾಕೆಟ್ ಸರಿಯಿದೆ ಅಂತ ನಾನು ಒಪ್ಪಿಕೊಂಡ್ರೆ, ಅವಳ ನಾಲಿಗೆ ಸರಿಯಿಲ್ಲ ಅಂದ ಹಾಗಾಗುತ್ತಲ್ಲ. ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡ.”

ಅವರನ್ನು ಅಷ್ಟು ಸೋತ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ. ಮತ್ತೆ ಬಾಣಲೆ ತಿಕ್ಕತೊಡಗಿದೆ.

ಯುಗಾದಿ ವಾರದ ನಡುವೆ ಬಂದರೂ ಖತಾರಿನಲ್ಲಿ ಅದು ಶುಕ್ರವಾರದವರೆಗೆ ಕಾಯಬೇಕು. ಪಂಚಾಂಗಕ್ಕಿಂತ ಆಫೀಸಿನ ರಜೆ ದೊಡ್ಡದಲ್ಲವೇ? ಬೇವುಬೆಲ್ಲ ಹಂಚಿದಾಗ ಭಾವನೂ ನಾನೂ ಮುಖ ಹಿಂಡಿದೆವು. ಅಕ್ಕ ಸಲೀಸಾಗಿ ಅಗಿಯುತ್ತಿದ್ದಳು. ಭಾವ ತನ್ನನ್ನೇ ನೋಡುತ್ತಿದ್ದಾರೆಂದು ಕಂಡಮೇಲೆ ಥಟ್ಟನೆ ಮುಖ ಕಿವಿಚಿ, “ಅಬ್ಬಾ, ಕಹಿ!” ಎಂದಳು. ಭಾವನ ಕಣ್ಣು ಅರಳಿತು. ನನಗೆ ಯಾಕೋ ನಂಬಿಕೆ ಬರಲಿಲ್ಲ.

ಊಟಕ್ಕೆ ಕೂತೆವು. ಭಾವ ಅಕ್ಕನ ತಟ್ಟೆಗೆ ಎಣ್ಣೆಗಾಯಿ ಬಡಿಸಿ ಉಸಿರು ಬಿಗಿಹಿಡಿದು ನಿಂತರು. ಅಕ್ಕ ಅನ್ನಕ್ಕೆ ಕಲಸಿ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು.

“ಈಗ ಸರಿಯಾಯ್ತು ನೋಡಿ! ಉಪ್ಪು, ಹುಳಿ, ಖಾರ ಎಲ್ಲಾ ಹದವಾಗಿದೆ ರೀ” ಎಂದಳು.

ಭಾವನಿಗೆ ಗೆದ್ದ ಸಂಭ್ರಮ! ಕೂತು ತಾವೂ ಒಂದು ತುತ್ತು ಬಾಯಿಗಿಟ್ಟರು. ನಾನೂ ಇಟ್ಟೆ. ಮಸಾಲೆಗೆ ಉಪ್ಪೇ ಬಿದ್ದಿರಲಿಲ್ಲ. ಗಡಿಬಿಡಿಯಲ್ಲಿ ಭಾವ ಪೂರಾ ಮರೆತಿದ್ದರು. ಸಪ್ಪೆ ಎಂದರೆ ಶುದ್ಧ ಸಪ್ಪೆ.

ಭಾವನ ಕೈ ಉಪ್ಪಿನ ಬಟ್ಟಲಿನತ್ತ ಹೋಯಿತು, ಅರ್ಧದಲ್ಲೇ ನಿಂತಿತು. ಅಕ್ಕ ತಲೆಯೆತ್ತದೆ ಉಣ್ಣುತ್ತಿದ್ದಳು. ಒಂದೊಂದು ತುತ್ತನ್ನೂ ಕಷ್ಟಪಟ್ಟು ನುಂಗುತ್ತಿದ್ದಳು. ಭಾವ ಕೈ ಹಿಂದಕ್ಕೆ ತೆಗೆದುಕೊಂಡರು.

“ಇನ್ನೊಂದು ಹಾಕ್ಲೇನೇ?” ಎಂದರು.

“ಎರಡು ಹಾಕಿ” ಎಂದಳು ಅಕ್ಕ.

ನಾನೂ ತಟ್ಟೆ ಮುಂದೆ ಹಿಡಿದೆ. “ಭಾವ, ತುಂಬಾ ಚೆನ್ನಾಗಿದೆ. ನನಗೂ ಎರಡು ಹಾಕಿ.”